ತಪ್ಪಿಹೋದ ಕೈಯಳತೆ

ಉಡುಪಿಯ ರಥಬೀದಿಗೆ ಹೆಚ್ಚು ದೂರವಿಲ್ಲದ ಒಂದು ಸಣ್ಣ ಮುದ್ರಣಾಲಯಕ್ಕೆ ನಾನು ಹಲವು ವರ್ಷಗಳಿಂದ ಆಮಂತ್ರಣ ಪತ್ರಿಕೆ ಮತ್ತು ಕರಪತ್ರಗಳ ವಿನ್ಯಾಸ ಮಾಡಿಕೊಡುತ್ತ ಬಂದಿದ್ದೇನೆ. ದೀಪಾವಳಿ ಕಳೆದು ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಟವೆಂದರೆ ನೇಮ, ಬ್ರಹ್ಮಕಲಶ, ಬಯಲಾಟ, ಮದುವೆಗಳ ಕೆಲಸ ಒಂದರ ಮೇಲೊಂದು ಬಂದು ಬೀಳುತ್ತದೆ. ಈ ಬಾರಿ ಸರಿಯಾಗಿ ಆ ಹೊತ್ತಿಗೇ ನನ್ನ ಕಂಪ್ಯೂಟರ್ ಬದಲಾಗಬೇಕಾಯಿತು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮನೆಯಲ್ಲಿರುವ 2016ರ ಯಂತ್ರದ ಆರನೆಯ ತಲೆಮಾರಿನ ಇಂಟೆಲ್ ಪ್ರೊಸೆಸರ್ ವಿಂಡೋಸ್ 11 ಒಪ್ಪುವ ಪ್ರೊಸೆಸರ್‌ಗಳ ಪಟ್ಟಿಯಲ್ಲಿ ಇರಲಿಲ್ಲ. ಗಟ್ಟಿಮುಟ್ಟಾಗಿರುವ ಯಂತ್ರವನ್ನು ಗುಜರಿಗೆ ಹಾಕಲು ಮನಸ್ಸಾಗದೆ, ವಿಂಡೋಸ್ ಬದಲಿಗೆ ಲಿನಕ್ಸ್ ಆಧಾರಿತ ಆಪರೇಟಿಂಗ್ ಸಿಸ್ಟಮ್ ಆದ ಉಬುಂಟು 24.04 ಹಾಕಿಕೊಂಡೆ.

ಕನ್ನಡ ಫಾಂಟುಗಳು ಹೇಗೆ ಕಾಣಿಸಿಯಾವು, ಪ್ರಿಂಟರ್ ಮಾತು ಕೇಳೀತೇ ಎಂದೆಲ್ಲ ಹೆದರಿಕೆಯಿತ್ತು. ಅವೆಲ್ಲ ಎರಡು ದಿನಗಳಲ್ಲಿ ಒಂದು ದಾರಿಗೆ ಬಂದವು. ನಾನು ಒಮ್ಮೆಯೂ ಯೋಚಿಸಿರದ ಮೌಸ್ ಮಾತ್ರ ಮೂರು ವಾರ ಸತಾಯಿಸಿತು.

ಆಗುತ್ತಿದ್ದದ್ದು ಇಷ್ಟು. ಕಿಟಕಿ ಮುಚ್ಚಲೆಂದು ಮೂಲೆಯ ಗುಂಡಿಯತ್ತ ಕೈ ಹಾಯಿಸಿದರೆ ಕರ್ಸರ್ ಅದನ್ನು ದಾಟಿ ಹೋಗುತ್ತಿತ್ತು. ಹಿಂದಕ್ಕೆ ಎಳೆದರೆ ಈಚೆಗೇ ನಿಂತುಬಿಡುತ್ತಿತ್ತು. ದೊಡ್ಡ ಗುಂಡಿಗಳ ಮಟ್ಟಿಗೆ ಇದು ಕಿರಿಕಿರಿಯಷ್ಟೇ, ಆದರೆ ಬಯಲಾಟದ ಕರಪತ್ರಕ್ಕಾಗಿ ಕೇದಗೆ ಮುಂದಲೆ ಎಂಬ ಯಕ್ಷಗಾನದ ಶಿರೋಭೂಷಣದ ಹಳೆಯ ರೇಖಾಚಿತ್ರವೊಂದನ್ನು ಇಂಕ್‌ಸ್ಕೇಪ್ ಎಂಬ ಚಿತ್ರ ಬರೆಯುವ ತಂತ್ರಾಂಶದಲ್ಲಿ ತಿದ್ದಿ ಬರೆಯುತ್ತಿದ್ದಾಗ, ಬಾಗುರೇಖೆಯ ಮೇಲಿನ ಒಂದೊಂದು ಬಿಂದುವನ್ನೂ ಹಿಡಿದು ಕೂದಲೆಳೆಯಷ್ಟು ಸರಿಸಬೇಕಾದ ಆ ಕೆಲಸದಲ್ಲಿ, ಮೊದಲು ಒಂದು ಗಂಟೆಯಲ್ಲಿ ಮುಗಿಯುತ್ತಿದ್ದದ್ದಕ್ಕೆ ಮಧ್ಯಾಹ್ನದ ತನಕ ಕೂರಬೇಕಾಯಿತು. ಕೊನೆಗೆ ಬಿಂದುವನ್ನು ಮೌಸಿನಿಂದ ಆರಿಸಿ, ಕೀಲಿಮಣೆಯ ಬಾಣದ ಕೀಲಿಗಳಿಂದ ಒಂದೊಂದೇ ಹೆಜ್ಜೆ ಸರಿಸತೊಡಗಿದೆ. ಅದು ಊರುಗೋಲು ಹಿಡಿದು ನಡೆದ ಹಾಗೆ.

ಮೊದಲ ಅನುಮಾನ ಮೌಸಿನ ಮೇಲೆಯೇ ಹೋಯಿತು. ಅಡಿಯ ಕನ್ನಡಿಯನ್ನು ಒರಸಿದೆ, ಪ್ಯಾಡ್ ಬದಲಿಸಿದೆ. "ಹೊಸತೊಂದು ತೆಗೊಳ್ಳಿ ಮಾರಾಯ್ರೆ, ಎಷ್ಟು ವರ್ಷ ಅದನ್ನೇ ಉಜ್ಜುವುದು" ಎಂದರು ಮುದ್ರಣಾಲಯದ ಯಜಮಾನರು. ಬಳಿಕ ಸೆಟ್ಟಿಂಗ್ಸ್‌ನಲ್ಲಿ ವೇಗದ ಪಟ್ಟಿಯನ್ನು ಆಚೆಗೊಮ್ಮೆ ಈಚೆಗೊಮ್ಮೆ ಸರಿಸಿ ನೋಡಿದೆ. ಕಡಿಮೆ ಮಾಡಿದರೆ ಬಿಂದು ಹಿಡಿಯುವುದು ಸುಲಭವಾಗುತ್ತಿತ್ತು, ಪರದೆಯ ಆಚೆ ತುದಿಗೆ ಹೋಗುವುದು ಕಷ್ಟವಾಗುತ್ತಿತ್ತು. ಹೆಚ್ಚು ಮಾಡಿದರೆ ಇದರ ತಿರುವುಮುರುವು. ಹಳೆಯ ಅನುಭವ ಈ ಪಟ್ಟಿಯ ಯಾವ ಜಾಗದಲ್ಲಿಯೂ ಇರಲಿಲ್ಲ.

ವಿಷಯ ತಿಳಿದದ್ದು ಅಕ್ಕನ ಮಗನಿಂದ. ಅವನು ಗುಂಡು ಹಾರಿಸುವ ಆಟಗಳನ್ನು ಆಡುವವನು. "ಮಾವ, ಅದು ಸ್ಪೀಡ್ ಅಲ್ಲ, ಆಕ್ಸೆಲರೇಶನ್" ಎಂದು ಹೇಳಿ, ಮೇಜಿನ ಮೇಲೆ ಉಕ್ಕಿನ ಸ್ಕೇಲನ್ನು ಇಟ್ಟು, ಅದರ ಅಂಚಿಗೆ ಮೌಸನ್ನು ಒತ್ತಿ ಹಿಡಿದು 3 ಸೆಂಟಿಮೀಟರ್ ನಿಧಾನವಾಗಿ ಸರಿಸಲು ಹೇಳಿದ. ಕರ್ಸರ್ ಪರದೆಯ ಎಡ ಅಂಚಿನಿಂದ ಹೊರಟು ಮಧ್ಯವನ್ನೂ ಮುಟ್ಟಲಿಲ್ಲ. ಅದೇ 3 ಸೆಂಟಿಮೀಟರನ್ನು ಸರಕ್ಕನೆ ಸರಿಸಿದಾಗ ಬಲ ಅಂಚಿನ ಹತ್ತಿರಕ್ಕೆ ಹೋಗಿ ನಿಂತಿತು. ಮೌಸ್ ಒಂದೇ, ದೂರ ಒಂದೇ, ತಲುಪಿದ ಜಾಗ ಮಾತ್ರ ಬೇರೆ. ನಿಧಾನವಾಗಿ ಹೋಗಿ ವೇಗವಾಗಿ ಹಿಂದಿರುಗಿದರೆ ಕರ್ಸರ್ ಹೊರಟ ಜಾಗಕ್ಕೆ ಬರುವುದಿಲ್ಲ ಎಂಬುದನ್ನೂ ತೋರಿಸಿದ. ಇಷ್ಟು ವರ್ಷ ಮೌಸ್ ಹಿಡಿದವನಿಗೆ ಇದು ಗೊತ್ತಿರಲಿಲ್ಲವಲ್ಲ ಎಂದು ನಾಚಿಕೆಯಾದದ್ದು ನಿಜ.

ಮೌಸಿಗೆ ಪರದೆಯ ಸುದ್ದಿಯೇ ತಿಳಿಯದು. ತಾನು ಎಷ್ಟು ಸರಿದೆ ಎಂಬ ಎಣಿಕೆಯನ್ನಷ್ಟೇ ಅದು ಕಳುಹಿಸುತ್ತದೆ. ಸಾಮಾನ್ಯ ಯುಎಸ್‌ಬಿ ಮೌಸ್ ಇದನ್ನು ಸೆಕೆಂಡಿಗೆ 125 ಬಾರಿ ಮಾಡುತ್ತದೆ. ನನ್ನ ಮೌಸ್ 800 ಡಿಪಿಐಯದ್ದು, ಎಂದರೆ ಒಂದು ಇಂಚು ಸರಿದರೆ 800 ಎಣಿಕೆ. ಈ ಎಣಿಕೆಗಳನ್ನು ಎಷ್ಟು ಪಿಕ್ಸೆಲ್ ಆಗಿ ಮಾರ್ಪಡಿಸಬೇಕೆಂದು ತೀರ್ಮಾನಿಸುವುದು ಆಪರೇಟಿಂಗ್ ಸಿಸ್ಟಮ್. ಕೈಯ ವೇಗವನ್ನು ನೋಡಿ, ನಿಧಾನವಿದ್ದರೆ ಕಡಿಮೆ, ಜೋರಿದ್ದರೆ ಹೆಚ್ಚು ಎಂದು ಗುಣಿಸುವ ಈ ಏರ್ಪಾಟೇ ಆಕ್ಸೆಲರೇಶನ್. ಸಣ್ಣ ಮೇಜಿನಲ್ಲಿ ದೊಡ್ಡ ಪರದೆಯನ್ನು ಆಳಲು ಇದು ಒಳ್ಳೆಯ ಉಪಾಯವೆಂಬುದರಲ್ಲಿ ಎರಡು ಮಾತಿಲ್ಲ, ಆದರೆ ಯಾವ ವೇಗಕ್ಕೆ ಎಷ್ಟು ಗುಣಿಸಬೇಕು ಎಂಬ ಲೆಕ್ಕ ಪ್ರತಿಯೊಂದು ವ್ಯವಸ್ಥೆಯಲ್ಲಿಯೂ ಬೇರೆ.

ವಿಂಡೋಸ್ 2000ದ ಕಾಲದಲ್ಲಿ ಈ ಲೆಕ್ಕ ಬಹಳ ಒರಟಾಗಿತ್ತು: ಎರಡು ಗಡಿಗಳು, 6 ಮತ್ತು 10, ಮೌಸ್ ಒಮ್ಮೆಗೆ ಕಳುಹಿಸುವ ಎಣಿಕೆ ಮೊದಲನೆಯದನ್ನು ದಾಟಿದರೆ ಎರಡು ಪಟ್ಟು, ಸೆಟ್ಟಿಂಗ್ ಹಾಗಿದ್ದಲ್ಲಿ ಎರಡನೆಯದನ್ನು ದಾಟಿದರೆ ನಾಲ್ಕು ಪಟ್ಟು. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಬಂದಾಗ ಈ ಮೆಟ್ಟಿಲುಗಳ ಜಾಗದಲ್ಲಿ ನಯವಾಗಿ ಏರುವ ರೇಖೆಯೊಂದು ಬಂತು. ಅದರ ಹೆಸರು 'ಎನ್‌ಹ್ಯಾನ್ಸ್ ಪಾಯಿಂಟರ್ ಪ್ರಿಸಿಷನ್'. ತಾನಾಗಿಯೇ ಚಾಲೂ ಇರುವ ಈ ಆಯ್ಕೆಯ ಹೆಸರಿನಲ್ಲಿ ನಿಖರತೆಯ ಮಾತಿದೆಯೇ ಹೊರತು ವೇಗೋತ್ಕರ್ಷದ ಸುಳಿವಿಲ್ಲ. ನಿಖರತೆ ಯಾರಿಗೆ ಬೇಡ ಎಂದುಕೊಂಡು ಅದನ್ನು ಮುಟ್ಟದೆ ಬಿಟ್ಟವರಲ್ಲಿ ನಾನೂ ಒಬ್ಬ. ಲಿನಕ್ಸ್‌ನಲ್ಲಿ ಈ ಹೊಣೆ ಈಗ ಲಿಬ್‌ಇನ್‌ಪುಟ್ ಎಂಬ ತಂತ್ರಾಂಶದ ಪಾಲಿಗೆ ಬಂದಿದೆ. ಅದರ 'ಅಡಾಪ್ಟಿವ್' ಕ್ರಮವೂ ಕೈಯ ವೇಗವನ್ನು ಅನುಸರಿಸುತ್ತದೆ, ತೀರ ನಿಧಾನದ ಚಲನೆಯನ್ನು ಇನ್ನಷ್ಟು ತಗ್ಗಿಸುತ್ತದೆ, ಆದರೆ ಏರಿಕೆಯ ರೇಖೆ ಅದರದ್ದೇ. ಬಡಗುತಿಟ್ಟು ಮತ್ತು ತೆಂಕುತಿಟ್ಟು ಯಕ್ಷಗಾನದ ಎರಡು ಶೈಲಿಗಳು; ಬಡಗಿನ ವೇಷಧಾರಿಯನ್ನು ತೆಂಕಿನ ಹಿಮ್ಮೇಳದ ಎದುರು ನಿಲ್ಲಿಸಿದರೆ ಅವನಿಗೆ ಕುಣಿತ ಮರೆತುಹೋಗಿರುವುದಿಲ್ಲ, ಚೆಂಡೆಯ ಪೆಟ್ಟು ನಿರೀಕ್ಷಿಸಿದ ಕಡೆ ಬೀಳುವುದಿಲ್ಲ, ಅಷ್ಟೇ. ನನ್ನ ಕೈಯ ಸ್ಥಿತಿಯೂ ಅದೇ ಆಗಿತ್ತು.

ಹಳೆಯ ರೇಖೆಯನ್ನೇ ಹೊಸದರಲ್ಲಿ ಬರೆದುಕೊಂಡರೆ ಹೇಗೆ ಎಂಬ ಆಸೆ ಬಾರದಿರಲಿಲ್ಲ. ಲಿಬ್‌ಇನ್‌ಪುಟ್‌ನ ಈಚಿನ ಆವೃತ್ತಿಗಳಲ್ಲಿ ನಮ್ಮದೇ ಬಿಂದುಗಳನ್ನು ಕೊಟ್ಟು ರೇಖೆ ರೂಪಿಸಿಕೊಳ್ಳುವ ಅವಕಾಶವಿದೆ, ಆದರೆ ನನ್ನ ಸೆಟ್ಟಿಂಗ್ಸ್ ಪುಟದಲ್ಲಿ ಅದಕ್ಕೆ ಗುಂಡಿಯಿಲ್ಲ. ಇದ್ದರೂ ಮಾಡುತ್ತಿದ್ದೆನೋ ಇಲ್ಲವೋ. ಮುದ್ರಣಾಲಯದ ವಿಂಡೋಸ್ ಯಂತ್ರದಲ್ಲಿಯೂ ವಾರಕ್ಕೆರಡು ದಿನ ಕೂರುವವನು ನಾನು. ಒಂದರ ನಕಲನ್ನು ಇನ್ನೊಂದರಲ್ಲಿ ಸಾಕುವುದಕ್ಕಿಂತ ಎರಡರಲ್ಲಿಯೂ ಆಕ್ಸೆಲರೇಶನ್ನನ್ನೇ ತೆಗೆದುಹಾಕುವುದು ಮೇಲೆಂದು ಕಂಡಿತು. ಉಬುಂಟುವಿನ ಸೆಟ್ಟಿಂಗ್ಸ್‌ನಲ್ಲಿ 'ಮೌಸ್ ಆಕ್ಸೆಲರೇಶನ್' ಎಂಬ ಗುಂಡಿಯನ್ನು ಆಫ್ ಮಾಡಿ ವೇಗದ ಪಟ್ಟಿಯನ್ನು ನಡುವಿಗೆ ತಂದೆ. ವಿಂಡೋಸ್‌ನಲ್ಲಿ ಕಂಟ್ರೋಲ್ ಪ್ಯಾನೆಲ್‌ನ ಮೌಸ್ ವಿಭಾಗಕ್ಕೆ ಹೋಗಿ, 'ಪಾಯಿಂಟರ್ ಆಪ್ಶನ್ಸ್' ಪುಟದಲ್ಲಿ ಆ ನಿಖರತೆಯ ಗುರುತನ್ನು ತೆಗೆದು, 11 ಮನೆಗಳ ವೇಗದ ಪಟ್ಟಿಯನ್ನು ಆರನೆಯ ಮನೆಯಲ್ಲಿ ನಿಲ್ಲಿಸಿದೆ. ಈಗ ಎರಡೂ ಕಡೆ ಒಂದು ಎಣಿಕೆಗೆ ಒಂದು ಪಿಕ್ಸೆಲ್. ಎರಡೂ ಪರದೆಗಳ ಅಗಲ 1920 ಪಿಕ್ಸೆಲ್, ತೋರಿಕೆಯ ಗಾತ್ರ (ಸ್ಕೇಲಿಂಗ್) ಶೇಕಡಾ 100. ಹಾಗಾಗಿ ಪರದೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ಮೌಸ್ ಸರಿಯಬೇಕಾದ ದೂರ 1920 ಭಾಗಿಸು 800, ಎಂದರೆ 2.4 ಇಂಚು, ಸುಮಾರು 6.1 ಸೆಂಟಿಮೀಟರ್. ಸ್ಕೇಲ್ ಇಟ್ಟು ನೋಡಿದೆ. ನಿಧಾನಕ್ಕೂ ಜೋರಿಗೂ ಲೆಕ್ಕ ತಪ್ಪಲಿಲ್ಲ.

ಮೊದಲ ವಾರ ಸುಖದ್ದಾಗಿರಲಿಲ್ಲ. ಮೊದಲು ಮಣಿಕಟ್ಟಿನ ಒಂದು ಚಿಮ್ಮಿಗೆ ಆಗುತ್ತಿದ್ದ ಕೆಲಸಕ್ಕೆ ಈಗ ಮೊಣಕೈಯೂ ಸ್ವಲ್ಪ ಬರಬೇಕಾಯಿತು. ಮೇಜಿನ ಬಲಬದಿಯಲ್ಲಿ ಪೇರಿಸಿಟ್ಟಿದ್ದ ಮಾದರಿ ಕಾರ್ಡುಗಳ ಕಟ್ಟುಗಳನ್ನು ಕಪಾಟಿಗೆ ಸಾಗಿಸಿದೆ. ತೀರ ಸೂಕ್ಷ್ಮ ಬಿಂದುಗಳನ್ನು ಹಿಡಿಯುವಾಗ ಹಳೆಯ ರೇಖೆ ಚಲನೆಯನ್ನು ತಗ್ಗಿಸಿ ಸದ್ದಿಲ್ಲದೆ ನೆರವಾಗುತ್ತಿತ್ತೆಂಬುದು, ಎಂದರೆ ನನ್ನ ಕೈಚಳಕವೆಂದು ನಾನು ಬೀಗುತ್ತಿದ್ದದ್ದರಲ್ಲಿ ಒಂದು ಪಾಲು ಅದರದ್ದೇ ಎಂಬುದು, ಆಗ ಗೊತ್ತಾಯಿತು. ಅದಕ್ಕೆ ಬದಲಾಗಿ ಈಗ ಚಿತ್ರವನ್ನೇ ಇನ್ನೊಂದಿಷ್ಟು ಹಿಗ್ಗಿಸಿಕೊಂಡು ಕೆಲಸ ಮಾಡುತ್ತೇನೆ. ಎರಡನೆಯ ವಾರದ ಕೊನೆಗೆ ಕಣ್ಣು ಬಿಂದುವನ್ನು ನೋಡುವಷ್ಟರಲ್ಲಿ ಕೈ ಅಲ್ಲಿಗೆ ತಲುಪತೊಡಗಿತು. ಬಾಣದ ಕೀಲಿಗಳ ಊರುಗೋಲು ತಾನಾಗಿಯೇ ಬಿಟ್ಟುಹೋಯಿತು.

ಲ್ಯಾಪ್‌ಟಾಪಿನ ಟಚ್‌ಪ್ಯಾಡಿಗೂ ಇದನ್ನೇ ಮಾಡಲು ನಾನು ಯಾರಿಗೂ ಹೇಳುವುದಿಲ್ಲ. ಅಂಗೈಯಷ್ಟು ಜಾಗದಲ್ಲಿ ಇಡೀ ಪರದೆಯನ್ನು ಸುತ್ತಬೇಕಾದಾಗ ಬೆರಳಿನ ವೇಗಕ್ಕೆ ಬೆಲೆ ಇರಲೇಬೇಕು, ಇಲ್ಲವಾದರೆ ಬೆರಳು ಎತ್ತಿಟ್ಟೇ ಸೋಲುತ್ತದೆ. ಮೇಜು ಇಕ್ಕಟ್ಟಾಗಿರುವವರಿಗೂ ಆಕ್ಸೆಲರೇಶನ್ ಇರುವುದೇ ವಾಸಿ.

ಮುದ್ರಣಾಲಯದಲ್ಲಿ ಒಂದು ಎಡವಟ್ಟಾಯಿತು. ನಾನಿಲ್ಲದ ದಿನ ಯಜಮಾನರು ಬಿಲ್ ತೆಗೆಯಲು ಅದೇ ಯಂತ್ರದಲ್ಲಿ ಕೂತಿದ್ದಾರೆ. ಮರುದಿನ ನಾನು ಒಳಗೆ ಕಾಲಿಡುತ್ತಿದ್ದಂತೆ, "ಇದೆಂತ ಮಾರಾಯ್ರೆ, ಎಷ್ಟು ದೂಡಿದರೂ ಅರ್ಧದಲ್ಲೇ ನಿಲ್ಲುತ್ತದಲ್ಲ, ಮೌಸ್ ಹಾಳಾಯಿತಾ" ಎಂದು ಕೇಳಿದರು. ಸ್ಕೇಲ್ ತಂದು ವಿವರಿಸುವ ಉತ್ಸಾಹ ಬಂದಿತ್ತಾದರೂ ಅವರ ಮುಖ ನೋಡಿ ತಡೆದುಕೊಂಡೆ. ಈ ಆಯ್ಕೆ ಬಳಕೆದಾರರ ಖಾತೆಗೊಂದರಂತೆ ಉಳಿಯುವುದರಿಂದ ಅವರಿಗೆಂದು ಬೇರೆಯೇ ಲಾಗಿನ್ ಮಾಡಿಕೊಟ್ಟು, ಅದರಲ್ಲಿ ನಿಖರತೆಯ ಗುರುತನ್ನು ಇದ್ದ ಹಾಗೆಯೇ ಇಟ್ಟೆ. ಹೊಸ ಮೌಸ್ ತಂದಿದ್ದೇನೆಂದು ಅವರು ಈಗಲೂ ತಿಳಿದಿದ್ದಾರೆ.