ಒಣತೂಕದ ಒಂದು ಸಾಲು

ಮೇವಿನ ಬೆಳೆಗಳ ಮೇಲೆ ಧಾರವಾಡದಲ್ಲಿ ಕೆಲಸ ಮಾಡುತ್ತ ಇಪ್ಪತ್ತು ವರ್ಷಗಳಾಗುತ್ತ ಬಂದವು. ಈಚೆಗೆ ನನ್ನ ಸ್ವಂತ ಪ್ರಬಂಧಗಳಿಗಿಂತ ವಿದ್ಯಾರ್ಥಿಗಳ ಪ್ರಬಂಧಗಳನ್ನು ತಿದ್ದುವುದರಲ್ಲಿಯೇ ಹೆಚ್ಚು ಸಂಜೆಗಳು ಕಳೆಯುತ್ತಿವೆ. ಕರಡು ಕೈಗೆ ಬಂದಾಗ ನಾನು ಮೊದಲು ಸಾರಾಂಶವನ್ನು ಓದುವುದಿಲ್ಲ. ನೇರವಾಗಿ ‘ಸಾಮಗ್ರಿ ಮತ್ತು ವಿಧಾನ’ದ ಭಾಗಕ್ಕೆ ಹೋಗಿ, ಕೊಯ್ದ ಹುಲ್ಲನ್ನು ಎಷ್ಟು ಉಷ್ಣಾಂಶದಲ್ಲಿ, ಎಷ್ಟು ತಾಸು ಒಣಗಿಸಿದರು ಎಂದು ಹೇಳುವ ಸಾಲನ್ನು ಹುಡುಕುತ್ತೇನೆ. ಆ ಸಾಲು ಸಿಕ್ಕರೆ ಮುಂದಿನ ಕೋಷ್ಟಕಗಳನ್ನು ನಂಬಿ ಓದಲು ಮನಸ್ಸು ಬರುತ್ತದೆ.

ಈ ಚಟ ನನಗೆ ಅಂಟಿಕೊಂಡದ್ದು ಪೆಟ್ಟು ತಿಂದ ಮೇಲೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಬದುವಿನ ಮೇಲೆ ಬೆಳೆದ ಗಿನಿ ಹುಲ್ಲಿನ ಮೂರು ಕೊಯ್ಲುಗಳ ಪೌಷ್ಟಿಕಾಂಶವನ್ನು ಹೋಲಿಸಿ ಒಂದು ಪ್ರಬಂಧ ಬರೆದಿದ್ದೆ. ಎರಡನೆಯ ಕೊಯ್ಲಿನಲ್ಲಿ ಎಡಿಎಫ್ (ಆಮ್ಲೀಯ ದ್ರಾವಣದಲ್ಲಿ ಕರಗದೆ ಉಳಿಯುವ ನಾರು) ಮತ್ತು ಲಿಗ್ನಿನ್ (ಕಾಂಡವನ್ನು ಗಟ್ಟಿ ಮಾಡುವ, ದನಕ್ಕೆ ಜೀರ್ಣವಾಗದ ಅಂಶ) ಎರಡೂ ಏರಿದ್ದವು. ಅದಕ್ಕೆ ಬೇಸಿಗೆಯ ಬಿಸಿಲಿನಲ್ಲಿ ಕಾಂಡ ಬೇಗ ಬಲಿಯುತ್ತದೆ ಎಂದು ಒಂದೂವರೆ ಪುಟ ವಿವರಣೆಯನ್ನೂ ಕೊಟ್ಟಿದ್ದೆ. ಪತ್ರಿಕೆಯ ಪರವಾಗಿ ಪ್ರಬಂಧವನ್ನು ಪರಿಶೀಲಿಸುವ ವಿಮರ್ಶಕರು ಆ ಒಂದೂವರೆ ಪುಟವನ್ನು ಮುಟ್ಟಲೇ ಇಲ್ಲ. ಮಾದರಿಗಳನ್ನು ಯಾವ ಉಷ್ಣಾಂಶದಲ್ಲಿ ಒಣಗಿಸಿದಿರಿ ಎಂದಷ್ಟೇ ಕೇಳಿದರು. ನನ್ನ ಹೊಲದ ವಹಿಯಲ್ಲಿ ‘ಓವನ್‌ನಲ್ಲಿ ಒಣಗಿಸಲಾಯಿತು’ ಎಂಬುದಕ್ಕಿಂತ ಹೆಚ್ಚೇನೂ ಇರಲಿಲ್ಲ. ದಿನಾಂಕಗಳನ್ನು ಹಿಡಿದು ಹಿಂದಕ್ಕೆ ಹೋಗಿ ನೋಡಿದಾಗ, ಎರಡನೆಯ ಕೊಯ್ಲಿನ ವಾರ ನಮ್ಮ ಓವನ್ ತುಂಬಿದ್ದರಿಂದ ಕಾಗದದ ಚೀಲಗಳನ್ನೆಲ್ಲ ಮಣ್ಣಿನ ತೇವಾಂಶ ನೋಡುವ ಇನ್ನೊಂದು ಓವನ್‌ಗೆ ಹಾಕಿದ್ದು ನೆನಪಾಯಿತು. ಅದು ಸದಾ 105 ಡಿಗ್ರಿಗೆ ಇಟ್ಟಿರುವ ಓವನ್. ನಾನು ವಿವರಿಸಿದ್ದು ಬೇಸಿಗೆಯನ್ನಲ್ಲ, ಓವನ್ನನ್ನು. ಪ್ರಬಂಧವನ್ನು ಹಿಂದಕ್ಕೆ ಪಡೆದೆ.

ಒಣ ಪದಾರ್ಥದ ತೂಕವಷ್ಟೇ ಬೇಕಾದರೆ 100ರಿಂದ 105 ಡಿಗ್ರಿ ಸರಿಯೇ. ಆದರೆ ಅದೇ ಮಾದರಿಯನ್ನು ಅರೆದು ನಾರು, ಪ್ರೋಟೀನ್ ನೋಡುವುದಿದ್ದರೆ 60 ಡಿಗ್ರಿಯ ಆಸುಪಾಸಿನಲ್ಲಿಯೇ, ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಬೇಕು. ಅದಕ್ಕಿಂತ ಕಾವು ಹೆಚ್ಚಾದರೆ ಹುಲ್ಲಿನಲ್ಲಿರುವ ಪ್ರೋಟೀನ್ ಸಕ್ಕರೆಯೊಂದಿಗೆ ಬೆಸೆದುಕೊಂಡು, ನಾರನ್ನು ಅಳೆಯಲೆಂದು ವಿಜ್ಞಾನಿ ವಾನ್ ಸೋಸ್ಟ್ ಅವರು 1960ರ ದಶಕದಲ್ಲಿ ರೂಪಿಸಿದ ದ್ರಾವಣಗಳಲ್ಲಿ ಕರಗದೆ ಉಳಿಯುತ್ತದೆ, ಮತ್ತು ನಾವು ಅದನ್ನು ನಾರಿನ ಲೆಕ್ಕಕ್ಕೆ, ಲಿಗ್ನಿನ್ನಿನ ಲೆಕ್ಕಕ್ಕೆ ಬರೆದುಕೊಳ್ಳುತ್ತೇವೆ. ಕೊಯ್ಲಿನ ಹೊತ್ತೂ ಹೀಗೆಯೇ ಕಾಡುತ್ತದೆ. ಎಳೆಯ ಹಸಿ ಮೇವಿನಲ್ಲಿ ಐದರಲ್ಲಿ ನಾಲ್ಕು ಪಾಲು ನೀರೇ ಇರುತ್ತದೆ. ಬೆಳಗಿನ ಏಳು ಗಂಟೆಗೆ ಇಬ್ಬನಿ ಹೊತ್ತ ಹುಲ್ಲನ್ನು ತೂಗುವುದಕ್ಕೂ ಹನ್ನೊಂದಕ್ಕೆ ತೂಗುವುದಕ್ಕೂ ಹಸಿತೂಕದಲ್ಲಿ ವ್ಯತ್ಯಾಸ ಬಂದೇ ಬರುತ್ತದೆ. ಮೊದಲನೆಯ ಉಪಚಾರದ (ಹೋಲಿಸಲೆಂದು ಕೊಟ್ಟ ಗೊಬ್ಬರದ ಪ್ರಮಾಣದಂಥದ್ದು) ತಾಕುಗಳನ್ನು ಬೆಳಿಗ್ಗೆ, ಕೊನೆಯ ಉಪಚಾರದವನ್ನು ಊಟದ ಹೊತ್ತಿಗೆ ಕೊಯ್ದವರು ಹಸಿ ಇಳುವರಿಯ ಕೋಷ್ಟಕದಲ್ಲಿ ತೋರಿಸುವುದು ಗೊಬ್ಬರದ ಪರಿಣಾಮವೋ ಬಿಸಿಲಿನದೋ ಯಾರು ಹೇಳಬೇಕು? ತಾಕುಗಳನ್ನು ಒಂದೊಂದು ಬ್ಲಾಕಿನಂತೆ, ಅಂದರೆ ಎಲ್ಲ ಉಪಚಾರಗಳೂ ಇರುವ ಒಂದೊಂದು ಗುಂಪಿನಂತೆ ಕೊಯ್ಯಿರಿ ಎಂದು ನಾನು ಹೇಳುವುದು ಇದಕ್ಕೇ. ಆಗ ಬಿಸಿಲು ಬ್ಲಾಕಿನ ಲೆಕ್ಕಕ್ಕೆ ಹೋಗುತ್ತದೆ, ಉಪಚಾರದ ಲೆಕ್ಕಕ್ಕೆ ಬರುವುದಿಲ್ಲ.

ಈ ತಿಂಗಳು ನನ್ನ ಮೇಜಿನ ಮೇಲಿರುವುದು ಹಾವೇರಿ ಕಡೆಯ ಒಬ್ಬ ಹುಡುಗಿಯ ಪ್ರಬಂಧ. ಗದಗ ಜಿಲ್ಲೆಯ ಮೂರು ಹಳ್ಳಿಗಳ ಗಾಯರಾಣದಲ್ಲಿ, ಅಂದರೆ ಊರಿನ ದನಕುರಿಗಳೆಲ್ಲ ಮೇಯುವ ಸಾಮೂಹಿಕ ನೆಲದಲ್ಲಿ, ಬೇಲಿ ಹಾಕಿ ದನಕುರಿ ಬಿಡದೆ ಕಾಯ್ದ ಜಾಗಕ್ಕೂ ಎಂದಿನಂತೆ ಮೇಯಿಸಿದ ಜಾಗಕ್ಕೂ ಹುಲ್ಲಿನ ಇಳುವರಿಯಲ್ಲಿ, ಪ್ರೋಟೀನಿನಲ್ಲಿ ಏನು ಅಂತರವಿದೆ ಎಂದು ಆಕೆ ನೋಡಿದ್ದಾಳೆ. ಒಳ್ಳೆಯ ಕೆಲಸ, ಒಳ್ಳೆಯ ಹೊತ್ತಿನಲ್ಲಿ ಮಾಡಿದ ಕೆಲಸ. 2026 ಅನ್ನು ವಿಶ್ವಸಂಸ್ಥೆ ಹುಲ್ಲುಗಾವಲು ಮತ್ತು ಪಶುಪಾಲಕರ ಅಂತರರಾಷ್ಟ್ರೀಯ ವರ್ಷವೆಂದು ಘೋಷಿಸಿರುವಾಗ ಇಂಥ ವಿಷಯವನ್ನು ಓದುವವರೂ ಹೆಚ್ಚು. ಒಣಗಿಸಿದ ಉಷ್ಣಾಂಶ, ತಾಸು, ಅರೆದ ಪುಡಿಯನ್ನು ಸೋಸಿದ ಒಂದು ಮಿಲಿಮೀಟರ್ ಜರಡಿ, ಎಲ್ಲವನ್ನೂ ಬರೆದಿದ್ದಳು. ಆದರೂ ಇಬ್ಬರು ವಿಮರ್ಶಕರು ಹತ್ತೊಂಬತ್ತು ಪ್ರಶ್ನೆಗಳೊಂದಿಗೆ ಪ್ರಬಂಧವನ್ನು ತಿದ್ದುಪಡಿಗೆ ಮರಳಿಸಿದ್ದರು.

ಮೊದಲನೆಯದನ್ನು ನೋಡಿ ನಗುವೇ ಬಂತು. ಪ್ರಯೋಗ ನಡೆದ ಸ್ಥಳವು 15 ಡಿಗ್ರಿ 26 ನಿಮಿಷ ಉತ್ತರ ಅಕ್ಷಾಂಶ, 75 ಡಿಗ್ರಿ 07 ನಿಮಿಷ ಪೂರ್ವ ರೇಖಾಂಶದಲ್ಲಿ, ಸಮುದ್ರಮಟ್ಟದಿಂದ 678 ಮೀಟರ್ ಎತ್ತರದಲ್ಲಿದೆ ಎಂದು ಬರೆದಿದ್ದಳು. ಧಾರವಾಡದ ಕೃಷಿ ಪ್ರಬಂಧಗಳನ್ನು ಓದಿದವರಿಗೆಲ್ಲ ಈ ವಾಕ್ಯ ಬಾಯಿಪಾಠವಾಗಿರುತ್ತದೆ. ಹಿರಿಯರ ಪ್ರಬಂಧದಿಂದ ಕಿರಿಯರ ಪ್ರಬಂಧಕ್ಕೆ ಅದು ಮನೆತನದ ಪಾತ್ರೆಯಂತೆ ಇಳಿದು ಬರುತ್ತದೆ. ಅದು ಧಾರವಾಡದ ವಿಳಾಸ. ಆಕೆಯ ಬೇಲಿಗಳಿರುವುದು ಗದಗದ ಆಚೆ. ರಾಜ್ಯದ ಕೃಷಿ ಹವಾಮಾನ ವಲಯಗಳ ಲೆಕ್ಕದಲ್ಲಿ ಧಾರವಾಡ ಇರುವುದು ಉತ್ತರದ ಪರಿವರ್ತನಾ ವಲಯದಲ್ಲಿ, ಆ ಹಳ್ಳಿಗಳಿರುವುದು ಉತ್ತರದ ಒಣ ವಲಯದಲ್ಲಿ. ಅಲ್ಲಿಯ ಮಳೆ ಬೇರೆ, ಹುಲ್ಲು ಚಿಗುರುವ ಹೊತ್ತು ಬೇರೆ. ಹುಲ್ಲುಗಾವಲಿನ ಪ್ರಬಂಧದಲ್ಲಿ ಸ್ಥಳದ ವಿವರ ಶಾಸ್ತ್ರಕ್ಕೆ ಬರೆಯುವ ಮಾತಲ್ಲ. ಮಣ್ಣು ಎರೆಯೋ ಮಸಾರಿಯೋ, ಆ ವರ್ಷ ಯಾವ ತಿಂಗಳಲ್ಲಿ ಎಷ್ಟು ಮಳೆಯಾಯಿತು, ಬೇಲಿ ಹಾಕುವ ಮುಂಚೆ ಎಷ್ಟು ಕುರಿ ಮೇಯುತ್ತಿದ್ದವು ಎಂಬುದು ತಿಳಿಯದೆ ಓದುಗರು ಆ ಇಳುವರಿಯನ್ನು ತಮ್ಮ ಊರಿನದಕ್ಕೆ ಹೋಲಿಸುವಂತಿಲ್ಲ.

ಅದಕ್ಕೆ ಅಂಟಿಕೊಂಡೇ ಇನ್ನೊಂದು ತಪ್ಪಿತ್ತು. ಹುಲ್ಲುಗಾವಲು ವಿಜ್ಞಾನಿಗಳಾದ ದಬಡಘಾವ್ ಮತ್ತು ಶಂಕರನಾರಾಯಣ ಅವರು 1973ರಲ್ಲಿ ಭಾರತದ ಹುಲ್ಲುಗಾವಲುಗಳನ್ನು ಐದು ಬಗೆಯಾಗಿ ವಿಂಗಡಿಸಿದರು. ಅದರ ಪ್ರಕಾರ ನಮ್ಮ ದಖನ್ ಸೇರುವುದು ಸೆಹಿಮಾ–ಡೈಕಾಂಥಿಯಮ್ ಬಗೆಗೆ; ಇವೆರಡೂ ಹುಲ್ಲಿನ ಕುಲಗಳ ಹೆಸರು. ಪೀಠಿಕೆಯಲ್ಲಿ ಆಕೆ ಅದನ್ನೇ ಬರೆದಿದ್ದಳು. ಆದರೆ ಅವಳದೇ ಕೋಷ್ಟಕದಲ್ಲಿ ಬೇಲಿಯ ಹೊರಗೆ ಹೆಚ್ಚಾಗಿ ಸಿಕ್ಕದ್ದು ಒಂದೇ ಮಳೆಗಾಲ ಬಾಳುವ ಅರಿಸ್ಟಿಡಾ ಹುಲ್ಲು ಮತ್ತು ಕಾಂಗ್ರೆಸ್ ಕಸ. ಅತಿಯಾಗಿ ಮೇಯಿಸಿದ ನೆಲದಲ್ಲಿ ಸೆಹಿಮಾ ಹಿಂದೆ ಸರಿದು ಹೆಟೆರೊಪೋಗಾನ್, ಅದೂ ಹೋಗಿ ಅರಿಸ್ಟಿಡಾ ನೆಲೆಯೂರುವುದು ಬಲ್ಲವರಿಗೆ ಹೊಸದಲ್ಲ. ಹಾಗಿದ್ದರೆ ಹೇಳಬೇಕಾದ ಮಾತೇ ಅದು. ಪುಸ್ತಕದ ಹೆಸರು ಪೀಠಿಕೆಯಲ್ಲಿ, ನೆಲದ ಹೆಸರು ಕೋಷ್ಟಕದಲ್ಲಿ, ನಡುವೆ ಒಂದಕ್ಕೊಂದು ಮಾತಿಲ್ಲ ಎನ್ನುವಂತಿತ್ತು ಅವಳ ಕರಡು.

ಹತ್ತೊಂಬತ್ತರಲ್ಲಿ ನಿಜವಾಗಿ ಬಿಗಿಯಾದದ್ದು ಏಳನೆಯ ಪ್ರಶ್ನೆ. ಪ್ರತಿ ಹಳ್ಳಿಯಲ್ಲಿ ಒಂದು ಬೇಲಿ. ಬೇಲಿಯ ಒಳಗೆ ಹನ್ನೆರಡು ಕಡೆ, ಹೊರಗೆ ಹನ್ನೆರಡು ಕಡೆ ಒಂದು ಮೀಟರ್ ಚೌಕದ ಕಬ್ಬಿಣದ ಚೌಕಟ್ಟನ್ನು ನೆಲಕ್ಕಿಟ್ಟು ಅದರೊಳಗಿನ ಹುಲ್ಲನ್ನು ಕುಡುಗೋಲಿನಿಂದ ಕೊಯ್ದಿದ್ದಳು. ಮೂರು ಹಳ್ಳಿ ಸೇರಿ ಒಳಗೆ ಮೂವತ್ತಾರು, ಹೊರಗೆ ಮೂವತ್ತಾರು. ಆ ಎಪ್ಪತ್ತೆರಡನ್ನೂ ಸ್ವತಂತ್ರ ಪುನರಾವರ್ತನೆಗಳೆಂದು ಹಿಡಿದು 70 ಸ್ವಾತಂತ್ರ್ಯ ಪ್ರಮಾಣಕ್ಕೆ (ಲೆಕ್ಕಕ್ಕೆ ಸಿಗುವ ಸ್ವತಂತ್ರ ಮಾಹಿತಿಯ ಎಣಿಕೆ ಅದು) ಟಿ ಪರೀಕ್ಷೆ, ಅಂದರೆ ಎರಡು ಸರಾಸರಿಗಳ ಅಂತರ ಆಕಸ್ಮಿಕವೋ ಅಲ್ಲವೋ ಎಂದು ನೋಡುವ ಲೆಕ್ಕ ಮಾಡಿದ್ದಳು. ಬೇಲಿ ಹಾಕಿದ್ದು ಮೂರು ಸಲ ಮಾತ್ರ. ಒಂದೇ ಬೇಲಿಯೊಳಗೆ ಚೌಕಟ್ಟನ್ನು ನೂರು ಸಲ ಇಟ್ಟರೂ ಬೇಲಿ ಒಂದೇ. ಹರ್ಲ್‌ಬರ್ಟ್ ಅವರು 1984ರಲ್ಲಿ ಇದಕ್ಕೆ ಹುಸಿ ಪುನರಾವರ್ತನೆ ಎಂಬರ್ಥದ ಹೆಸರು ಕೊಟ್ಟು ಪರಿಸರ ವಿಜ್ಞಾನಿಗಳನ್ನು ಎಚ್ಚರಿಸಿದರು. ಮೇಯಿಸುವಿಕೆಯ ಪ್ರಯೋಗಗಳಲ್ಲಿ ಈ ತಪ್ಪು ಇಂದಿಗೂ ನಿಂತಿಲ್ಲ, ಏಕೆಂದರೆ ಬೇಲಿಗೆ ದುಡ್ಡು ಬೇಕು, ಚೌಕಟ್ಟು ಇಡಲು ಬೇಡ.

ಸರಿಯಾದ ಲೆಕ್ಕದಲ್ಲಿ ಅವಳ ಬಳಿ ಇರುವುದು ಮೂರು ಜೋಡಿಗಳು, ಎರಡು ಸ್ವಾತಂತ್ರ್ಯ ಪ್ರಮಾಣಗಳು. ನೂರಕ್ಕೆ ಐದರ ಮಟ್ಟದಲ್ಲಿ 70 ಸ್ವಾತಂತ್ರ್ಯ ಪ್ರಮಾಣಕ್ಕೆ ಟಿ ಮೌಲ್ಯ 1.99 ದಾಟಿದರೆ ಸಾಕಾಗುತ್ತಿತ್ತು; ಎರಡಕ್ಕೆ 4.30 ದಾಟಬೇಕು. ಇದನ್ನು ಕಾಗದದ ಮೇಲೆ ಬಿಡಿಸಿ ತೋರಿಸಿದಾಗ ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಮೇಡಂ, ಮೂವತ್ತಾರು ಇದ್ದದ್ದು ಮೂರಾತು ಅಂದ್ರ, ಉಳದದ್ದೆಲ್ಲಾ ದಂಡ ಏನ್ರಿ?” ಎಂದಳು. ದಂಡವಲ್ಲ. ಹನ್ನೆರಡು ಕಡೆ ಕೊಯ್ದದ್ದರಿಂದಲೇ ಪ್ರತಿ ಹಳ್ಳಿಯ ಸರಾಸರಿ ಗಟ್ಟಿಯಾಗಿದೆ, ಮತ್ತು ಆ ಮೂರು ಅಂತರಗಳು ಒಂದೇ ದಿಕ್ಕಿನಲ್ಲಿ, ಹತ್ತಿರ ಹತ್ತಿರ ಇವೆ. ಹೊಸ ಲೆಕ್ಕದಲ್ಲಿ ಇಳುವರಿಯ ಅಂತರ 4.30ರ ಗೆರೆಯನ್ನು ದಾಟಿತು, ಪ್ರೋಟೀನಿನದು ದಾಟಲಿಲ್ಲ. ಹಾಗೆಯೇ ಬರೆದೆವು. ಪ್ರೋಟೀನ್ ಹೆಚ್ಚಾಯಿತು ಎಂಬ ಸಾಲನ್ನು ಸಾರಾಂಶದಿಂದ ಅಳಿಸುವಾಗ ಅವಳ ಮುಖ ನೋಡಲು ಕಷ್ಟವಾಯಿತು; ಆದರೆ ಬಲಿತ ಹುಲ್ಲು ಹೆಚ್ಚಾದಂತೆ ನೂರಕ್ಕೆ ಇಷ್ಟು ಎನ್ನುವ ಪ್ರೋಟೀನ್ ಇಳಿಯುವುದೇ ಸಹಜ, ಏರಿತ್ತು ಎಂಬುದೇ ನನಗೆ ಮೊದಲಿನಿಂದಲೂ ಅನುಮಾನವಾಗಿತ್ತು.

ಭಾಷೆಯ ತೊಡಕು ಬೇರೆಯೇ ಇದೆ, ಅದು ನಮ್ಮದೇ ತೊಡಕು. ಗಾಯರಾಣದಲ್ಲಿ ನಿಂತದ್ದೂ ಹುಲ್ಲು, ಬತ್ತ ಒಕ್ಕಿದ ಮೇಲೆ ಉಳಿದದ್ದೂ ಹುಲ್ಲು, ಕೊಯ್ದು ಒಣಗಿಸಿ ಬಣವಿ ಒಟ್ಟಿದ್ದೂ ಹುಲ್ಲು. ಇಂಗ್ಲಿಷಿನಲ್ಲಿ ಬರೆಯುವಾಗ ಇವು ಮೂರೂ ಬೇರೆ ಬೇರೆ ಪದಗಳು: ಗ್ರಾಸ್, ಸ್ಟ್ರಾ, ಹೇ. ಜೋಳದ ಕಣಕಿಗೆ ಸ್ಟ್ರಾ ಎಂದು ಬರೆಯುವವರು ಬಹಳ, ಅದು ಸ್ಟೋವರ್. ನಾವು ಮೇವು ಎಂಬ ಒಂದೇ ಮಾತಿನಲ್ಲಿ ಮುಗಿಸುವುದನ್ನು ಅವರು ಫಾಡರ್, ಫೋರೇಜ್ ಎಂದು ಎರಡಾಗಿಸುತ್ತಾರೆ, ಮೇಯುವ ನೆಲಕ್ಕೂ ಪಾಶ್ಚರ್, ರೇಂಜ್‌ಲ್ಯಾಂಡ್ ಎಂಬ ಭೇದವಿದೆ. ಇವುಗಳ ಅರ್ಥವನ್ನು ನಿಗದಿಗೊಳಿಸಿದ ಒಂದು ಅಂತರರಾಷ್ಟ್ರೀಯ ಪರಿಭಾಷೆ 2011ರಲ್ಲಿ ‘ಗ್ರಾಸ್ ಅಂಡ್ ಫೋರೇಜ್ ಸೈನ್ಸ್’ ಪತ್ರಿಕೆಯಲ್ಲಿ ಬಂದಿದೆ. ಕರಡು ಬರೆಯುವ ಮುಂಚೆ ಅದನ್ನು ಓದಿಕೊಂಡವರು ವಿಮರ್ಶಕರ ಅರ್ಧ ಕಿರಿಕಿರಿಯಿಂದ ಪಾರಾಗುತ್ತಾರೆ. ನಮ್ಮ ಹುಡುಗಿ ಗಾಯರಾಣಕ್ಕೆ ಮೂರು ಪುಟಗಳಲ್ಲಿ ನಾಲ್ಕು ಹೆಸರು ಕೊಟ್ಟಿದ್ದಳು. ಕೊನೆಗೆ ‘ಊರಿನ ಸಾಮೂಹಿಕ ರೇಂಜ್‌ಲ್ಯಾಂಡ್’ ಎಂಬುದನ್ನೇ ಉದ್ದಕ್ಕೂ ಇಟ್ಟು, ಗಾಯರಾಣ ಎಂಬ ನಮ್ಮ ಪದವನ್ನೂ ಒಮ್ಮೆ ಬರೆದು ಅರ್ಥ ಕೊಟ್ಟೆವು.

ಹುಲ್ಲಿನ ವೈಜ್ಞಾನಿಕ ಹೆಸರುಗಳೂ ಸುಮ್ಮನಿರುವುದಿಲ್ಲ. ನೇಪಿಯರ್ ಮತ್ತು ಸಜ್ಜೆಯನ್ನು 2010ರಲ್ಲಿ ಪೆನ್ನಿಸೆಟಮ್ ಕುಲದಿಂದ ಸೆಂಕ್ರಸ್ ಕುಲಕ್ಕೆ ಸೇರಿಸಲಾಯಿತು. ಆದರೂ ಒಂದೇ ಪ್ರಬಂಧದ ಶೀರ್ಷಿಕೆಯಲ್ಲಿ ಒಂದು, ಕೋಷ್ಟಕದಲ್ಲಿ ಇನ್ನೊಂದು ಹೆಸರನ್ನು ನೋಡುತ್ತಿರುತ್ತೇನೆ. ಹೊಸದನ್ನು ಬಳಸಿ, ಹಳೆಯದನ್ನು ಮೊದಲ ಬಾರಿಗೆ ಪಕ್ಕದಲ್ಲಿಟ್ಟು, ಹುಡುಕುಪದಗಳಲ್ಲಿ ಎರಡನ್ನೂ ಕೊಟ್ಟರೆ ಹುಡುಕುವವರಿಗೆ ಸಿಗುತ್ತದೆ.

ಅಂಕಿಗಳ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ‘ಹೆಕ್ಟೇರಿಗೆ 412.37 ಕ್ವಿಂಟಲ್’ ಎಂಬಂಥ ಬರಹ ನಮ್ಮಲ್ಲಿ ಮಾಮೂಲು. ನಿವ್ವಳ ತಾಕು (ಅಂಚು ಬಿಟ್ಟು ತೂಕಕ್ಕೆಂದು ಕೊಯ್ಯುವ ಜಾಗ) 3.6 ಮೀಟರ್ ಅಗಲ, 3 ಮೀಟರ್ ಉದ್ದ ಎಂದರೆ 10.8 ಚದರ ಮೀಟರ್. ಹೆಕ್ಟೇರಿಗೆ ತರಲು ಸುಮಾರು 926ರಿಂದ ಗುಣಿಸಬೇಕು. ತೂಗುವ ಯಂತ್ರ 50 ಗ್ರಾಮಿನಷ್ಟು ಆಚೀಚೆಯಾದರೂ ಅದು ಹೆಕ್ಟೇರಿಗೆ ಹೆಚ್ಚುಕಡಿಮೆ ಅರ್ಧ ಕ್ವಿಂಟಲ್ ಆಗುತ್ತದೆ. ಹಾಗಿರುವಾಗ ದಶಾಂಶದ ಆಚೆಯ ಎರಡನೆಯ ಅಂಕಿಗೆ ಏನರ್ಥ? ಹೊರಗಿನ ಪತ್ರಿಕೆಗಳಿಗೆ ಕ್ವಿಂಟಲ್ ಕೂಡ ಬೇಡ. ಟನ್ನಿಗೆ ತಿರುಗಿಸಿ 41.2 ಎಂದರೆ ಸಾಕು.

ಪತ್ರಿಕೆಯ ಆಯ್ಕೆಗೆ ನಾನು ಹೆಚ್ಚು ತಲೆ ಕೆಡಿಸಿಕೊಳ್ಳುವುದಿಲ್ಲ. ಝಾನ್ಸಿಯಿಂದ ಬರುವ ‘ರೇಂಜ್ ಮ್ಯಾನೇಜ್‌ಮೆಂಟ್ ಅಂಡ್ ಆಗ್ರೋಫಾರೆಸ್ಟ್ರಿ’ಯಂಥ ನಮ್ಮದೇ ಪತ್ರಿಕೆಯಿದೆ, ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ದಕ್ಷಿಣ ಪ್ರಾದೇಶಿಕ ಕೇಂದ್ರ ಧಾರವಾಡದಲ್ಲಿಯೇ ಇರುವುದರಿಂದ ಯಾವ ವಿಷಯ ಎಲ್ಲಿಗೆ ಸಲ್ಲುತ್ತದೆ ಎಂದು ಕೇಳಲು ಹಿರಿಯರೂ ಸಿಗುತ್ತಾರೆ. ಎರಡು ದಿನದಲ್ಲಿ ಸ್ವೀಕಾರಪತ್ರ ಕೊಡುತ್ತೇವೆ, ಇಷ್ಟು ಶುಲ್ಕ ಕಟ್ಟಿ ಎಂದು ಮಿಂಚಂಚೆ ಕಳಿಸುವವರಿಗೆ ಉತ್ತರ ಬರೆಯಬಾರದು, ಅಷ್ಟೆ.

ವಿಮರ್ಶಕರಿಗೆ ಉತ್ತರ ಬರೆಯುವಾಗ ಅವರ ಪ್ರತಿ ಪ್ರಶ್ನೆಯನ್ನೂ ಹಾಗೆಯೇ ಇಟ್ಟು, ಕೆಳಗೆ ನಾವು ಏನು ಬದಲಿಸಿದೆವು, ಯಾವ ಸಾಲಿನಲ್ಲಿ ಬದಲಿಸಿದೆವು ಎಂದು ಬರೆಯುತ್ತೇವೆ. ಹದಿನೆಂಟಕ್ಕೆ ಉತ್ತರ ಸಿದ್ಧವಾಗಿದೆ. ಉಳಿದದ್ದು ಹದಿನಾಲ್ಕನೆಯದು. ಬೇಲಿಯ ಒಳಗೆ ಹೆಚ್ಚಾಗಿರುವ ಒಂದು ಹುಲ್ಲನ್ನು ಆಕೆ ಹೆಟೆರೊಪೋಗಾನ್ ಕಂಟಾರ್ಟಸ್ ಎಂದು ಗುರುತಿಸಿದ್ದಾಳೆ. ಒಣಗಿಸಿ ಹಾಳೆಗೆ ಅಂಟಿಸಿದ ಮಾದರಿ ಎಲ್ಲಿದೆ, ಅದರ ಸಂಖ್ಯೆ ಏನು ಎಂದು ಕೇಳಿದ್ದಾರೆ. ಮಾದರಿ ಇಟ್ಟಿಲ್ಲ. ಕಳೆದ ವಾರ ಇಬ್ಬರೂ ಆ ಗಾಯರಾಣಕ್ಕೆ ಹೋಗಿದ್ದೆವು. ಕುರಿ ಬಿಟ್ಟುಕೊಂಡು ಬೇಲಿಯ ಆಚೆ ನಿಂತಿದ್ದ ಹಿರಿಯರೊಬ್ಬರಿಗೆ ಒಂದು ಬುಡ ಕಿತ್ತು ತೋರಿಸಿ, “ಅಜ್ಜಾರ, ಇದನ್ನ ಕುರಿ ತಿಂತಾವೇನ್ರಿ?” ಎಂದು ಆಕೆ ಕೇಳಿದಳು. ಅವರು ಎಲೆಯನ್ನು ಬೆರಳಲ್ಲಿ ತಿರುಗಿಸಿ ನೋಡಿ, “ಈಗ ತಿಂತಾವವ್ವಾ. ತೆನಿ ಬಂತಂದ್ರ ಮುಟ್ಟೂದಿಲ್ಲ, ಅದರ ಸೂಜಿ ಉಣ್ಣಿಯಾಗ ಹೊಕ್ಕು ಚರ್ಮಕ್ಕ ಚುಚ್ಚತಾವು,” ಎಂದರು. ಚರ್ಚೆಯ ಭಾಗದಲ್ಲಿ ಇಲ್ಲದ ಮಾತು ಅದು. ಬೇಲಿಯೊಳಗಿನ ಹೆಚ್ಚಿದ ಇಳುವರಿಯಲ್ಲಿ ಕುರಿಗೆ ದಕ್ಕುವ ಪಾಲು ಎಷ್ಟು, ಅದು ಯಾವ ತಿಂಗಳವರೆಗೆ ದಕ್ಕುತ್ತದೆ ಎಂಬ ಪ್ರಶ್ನೆಯನ್ನು ಅಲ್ಲಿ ಈಗ ಸೇರಿಸಿದ್ದೇವೆ.

ತೆನೆಯಿಲ್ಲದ ಹುಲ್ಲನ್ನು ಹಾಳೆಗೆ ಅಂಟಿಸಿದರೆ ಯಾವ ಸಸ್ಯಶಾಸ್ತ್ರಜ್ಞರೂ ಹೆಸರಿಗೆ ಸಹಿ ಹಾಕುವುದಿಲ್ಲ. ಸಂಪಾದಕರಿಗೆ ಪತ್ರ ಬರೆದು, ಹಸ್ತ ಮಳೆ ಮುಗಿಯುವವರೆಗೆ ಗಡುವು ಕೇಳಿದ್ದೇವೆ.