ಪೂಲಿನ ಗೋಡೆಗೆ ನೇರಳೆ ಬಣ್ಣ: ಮೈಲುತುತ್ತು ನಿರಪರಾಧಿ

ಬೋರಿನ ನೀರಿನ ಕಬ್ಬಿಣದ ಕಥೆ ಬಿಟ್ಟುಬಿಡೋಣ. ಕಾಸರಗೋಡಿನ ಕೆಂಪುಕಲ್ಲಿನ ನೆಲದಲ್ಲಿ ಪೂಲ್ ಕಟ್ಟಿದವರಿಗೆ ಅದು ಗೊತ್ತಿರುವುದೇ. ನಲ್ಲಿಯಲ್ಲಿ ತಿಳಿ ನೀರು, ಕ್ಲೋರಿನ್ ಬಿದ್ದ ಕೂಡಲೇ ಚಹಾ. ಆ ಕಂದು ಕಲೆಯನ್ನು ವಿಟಮಿನ್ ಸಿ ಹಾಕಿ ತೆಗೆದಾಗಿತ್ತು. ಈಗಿನ ಪಂಚಾಯಿತಿಕೆ ಬೇರೆ.

ನಮ್ಮದು ತೋಟಕ್ಕೆ ನೀರು ಬಿಡುತ್ತಿದ್ದ ಹಳೆಯ ಸಿಮೆಂಟ್ ಟ್ಯಾಂಕ್. ಬಿಳಿ ಟೈಲ್ಸ್ ಹಾಕಿ, ಸ್ಯಾಂಡ್ ಫಿಲ್ಟರ್ ಕೂರಿಸಿ ಪೂಲ್ ಮಾಡಿದ್ದು. ಆಳ 4 ಅಡಿ, ನೀರು ಸುಮಾರು 40,000 ಲೀಟರ್. ಮೇ ಕೊನೆಗೆ ನೀರಿನ ಮಟ್ಟದ ಗೆರೆಯಲ್ಲಿ, ಏಣಿಯ ಹಿಂದೆ, ಗ್ರೌಟಿನ ಸಂದಿಯಲ್ಲೆಲ್ಲ ನೇರಳೆ ಬಣ್ಣ ಕಾಣಿಸಿಕೊಂಡಿತು. ಕಂದು ಅಲ್ಲ, ಹಸಿರು ಅಲ್ಲ, ಅಪ್ಪಟ ನೇರಳೆ. ಮಕ್ಕಳು ಪುನರ್ಪುಳಿ ಶರಬತ್ತು ಚೆಲ್ಲಿದ್ದಾರೆ ಎಂದು ಅಮ್ಮ ತೀರ್ಪು ಕೊಟ್ಟರು. ಮಕ್ಕಳಿಗೆ ಸುಮ್ನೆ ಬೈಗುಳ.

ವಿಟಮಿನ್ ಸಿ ಮಾತ್ರೆ ಒತ್ತಿ ಹಿಡಿದೆ. ಏನೂ ಇಲ್ಲ. ಅಂದರೆ ಕಬ್ಬಿಣ ಅಲ್ಲ. ಕ್ಲೋರಿನ್ ಮಾತ್ರೆ ಇಟ್ಟೆ. ಅದಕ್ಕೂ ಜಗ್ಗಲಿಲ್ಲ. ಹಾಗಾಗಿ ಎಲೆ, ಅಡಿಕೆ ಸಿಪ್ಪೆಯ ಕಲೆಯೂ ಅಲ್ಲ. ಕೆಮಿಕಲ್ ಕೊಡುವ ಅಂಗಡಿಯವರಿಗೆ ಫೋಟೋ ಕಳಿಸಿದೆ. ಅರ್ಧ ನಿಮಿಷದಲ್ಲಿ ಉತ್ತರ: "ಪಾಚಿ ಸರ್, ಆಲ್ಜಿಸೈಡ್ ಡಬಲ್ ಹಾಕಿ." ಅವರ ಅಂಗಡಿಯಲ್ಲಿ ಎಲ್ಲ ರೋಗಕ್ಕೂ ಆ ಪಾಚಿನಾಶಕವೊಂದೇ ಮದ್ದು. ಬಾಟಲಿಯ ಲೇಬಲ್ಲಿನಲ್ಲಿ ನಗುವ ಡಾಲ್ಫಿನ್ ಇದೆ, ಒಳಗೆ ಏನಿದೆ ಎಂದು ಮಾತ್ರ ಇಲ್ಲ.

ನೇರಳೆ ಕಲೆಗೆ ಹೆಸರುವಾಸಿಯಾದ ಕಾರಣ ಒಂದೇ: ಕಾಪರ್ ಸಯನ್ಯುರೇಟ್. ನೀರಿನಲ್ಲಿ ತಾಮ್ರವೂ ಇರಬೇಕು, ಕ್ಲೋರಿನ್ನನ್ನು ಬಿಸಿಲಿನಿಂದ ಕಾಯುವ ಸಯನ್ಯೂರಿಕ್ ಆಸಿಡ್ ಕೂಡ ಮಿತಿ ಮೀರಿರಬೇಕು. ಎರಡೂ ಸೇರಿದರೆ ಈ ಬಣ್ಣ. ಸಯನ್ಯೂರಿಕ್ ಎಲ್ಲಿಂದ ಬಂತು ಎನ್ನುವುದು ಸುಲಭ. ಟಿಸಿಸಿಎ ಎಂಬ ಕ್ಲೋರಿನ್ ಮಾತ್ರೆ 10 ಪಿಪಿಎಂ (ಲೀಟರಿಗೆ 10 ಮಿಲಿಗ್ರಾಂ) ಕ್ಲೋರಿನ್ ಕೊಟ್ಟರೆ ಜೊತೆಗೆ 6 ಪಿಪಿಎಂ ಸಯನ್ಯೂರಿಕ್ ಬಿಟ್ಟು ಹೋಗುತ್ತದೆ. ಕ್ಲೋರಿನ್ ಬಿಸಿಲಿಗೆ ಹಾರುತ್ತದೆ, ಇದು ಹಾರುವುದಿಲ್ಲ. ಬೇಸಗೆಯಿಡೀ ಕೂಡಿಕೊಂಡೇ ಬಂದಿತ್ತು. ನೀರು ಪರೀಕ್ಷೆಯ ಸ್ಟ್ರಿಪ್ ತೋರಿಸಿದ್ದು 100. ಆದರೆ ಆ ಸ್ಟ್ರಿಪ್ಪಿನ ಕೊನೆಯ ಬಣ್ಣವೇ 100 ಅಲ್ವಾ, ಅದರಾಚೆಗೆ ಅದು ಹೇಳುವುದಾದರೂ ಹೇಗೆ? ಕಪ್ಪು ಚುಕ್ಕೆಯ ಟ್ಯೂಬ್ ಇರುವ ಕಿಟ್ ತರಿಸಿದೆ. ಅದು ಬಂದದ್ದೇ ದೊಡ್ಡ ಕಥೆ. ಕೇರಳ ಎಂದರೆ ಎಲ್ಲವೂ ಕೊಚ್ಚಿಯ ಹಿತ್ತಲು ಎಂದು ಕೊರಿಯರಿನವರ ಲೆಕ್ಕ. 50 ಕಿಲೋಮೀಟರ್ ದೂರದ ಮಂಗಳೂರಿನಲ್ಲಿದ್ದ ಪೆಟ್ಟಿಗೆ ಕೊಚ್ಚಿ ನೋಡಿಕೊಂಡು ಬಂತು. ಪೂಲಿನ ನೀರಿಗೆ ಅಷ್ಟೇ ನಲ್ಲಿ ನೀರು ಬೆರೆಸಿ ನೋಡಿದರೆ 60. ಅಂದರೆ ಪೂಲಿನಲ್ಲಿ 120. ಇರಬೇಕಾದದ್ದು 30ರಿಂದ 50.

ಇನ್ನು ತಾಮ್ರ. ಮನೆಯವರೆಲ್ಲ ಒಂದೇ ಬಾಯಿಯಲ್ಲಿ ಮೈಲುತುತ್ತಿನ (ಕಾಪರ್ ಸಲ್ಫೇಟ್) ಕಡೆ ಬೆರಳು ತೋರಿಸಿದರು. ಮಳೆಗೆ ಮೊದಲು ಅಡಿಕೆಯ ಕೊಳೆರೋಗ ಮಹಾಳಿಗೆ ಬೋರ್ಡೋ, ಅಂದರೆ ತುತ್ತು ಮತ್ತು ಸುಣ್ಣದ ಮದ್ದು, ಬಿಟ್ಟಾಗಿತ್ತು. ಪೂಲಿನ ಪಕ್ಕದಲ್ಲೇ ಅಡಿಕೆ ಮರಗಳು. ಗಾಳಿಗೆ ಹಾರಿ ಬಿದ್ದಿದೆ, ಅಷ್ಟೇ ಅಂತ. ನನಗೂ ಸರಿ ಎನಿಸುವ ಹಾಗಿತ್ತು, ಲೆಕ್ಕ ಹಾಕುವವರೆಗೆ.

ಅಕ್ವೇರಿಯಂ ಅಂಗಡಿಯ ತಾಮ್ರದ ಕಿಟ್ ತೋರಿಸಿದ್ದು 0.4 ಪಿಪಿಎಂ. 40,000 ಲೀಟರಿಗೆ ಅದು 16 ಗ್ರಾಂ ತಾಮ್ರ. ಬೋರ್ಡೋ ದ್ರಾವಣದಲ್ಲಿ 100 ಲೀಟರಿಗೆ 1 ಕಿಲೋ ತುತ್ತು, ತುತ್ತಿನಲ್ಲಿ ಕಾಲು ಭಾಗ ತಾಮ್ರ. ಅಂದರೆ ಲೀಟರಿಗೆ 2.5 ಗ್ರಾಂ. 16 ಗ್ರಾಂ ಆಗಬೇಕಾದರೆ ಆರು ಲೀಟರಿಗಿಂತ ಜಾಸ್ತಿ ಮದ್ದು ಪೂಲಿಗೇ ಬೀಳಬೇಕು. ಗೋಡೆಗೆ ಅಂಟಿದ್ದು ಬೇರೆ. ಮದ್ದು ಬಿಡುವವರು ಗುರಿ ಇಟ್ಟು ಪೂಲಿಗೇ ಹೊಡೆದರೂ ಅಷ್ಟಾಗುವುದು ಕಷ್ಟ ಮಾರಾಯ್ರೇ!

ಹಾಗಾದರೆ ಉಳಿದದ್ದು ಡಾಲ್ಫಿನ್ ಬಾಟಲಿ. ಮುಚ್ಚಳ ತೆಗೆದರೆ ಒಳಗೆ ನೀಲಿ, ನನಗೆ ಚಿಕ್ಕಂದಿನಿಂದ ಗೊತ್ತಿರುವ ನೀಲಿ. ಬೋರ್ಡೋದಲ್ಲಿ ಸುಣ್ಣ ಸಾಕೋ ಎಂದು ನೋಡಲು ಅಪ್ಪ ಒಂದು ಉಪಾಯ ಮಾಡುತ್ತಾರೆ. ಉಜ್ಜಿ ಹೊಳಪಿಸಿದ ಚೂರಿ ಅದ್ದಿ ತೆಗೆಯುವುದು. ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು. ಅದೇ ಚೂರಿಯನ್ನು ಆಲ್ಜಿಸೈಡಿಗೆ ಅದ್ದಿದೆ. ಸ್ವಲ್ಪ ಹೊತ್ತಿನಲ್ಲಿ ಅಲಗು ಹೊಸ ತಾಮ್ರದ ತಂಬಿಗೆಯ ಹಾಗೆ ಕೆಂಪಾಯಿತು. ಅಪ್ಪ ನೋಡಿ, "ಇದಕ್ಕೆ ಸುಣ್ಣವೇ ಹಾಕಿಲ್ಲವಲ್ಲ" ಎಂದರು. ನಮ್ಮ ತೋಟದ ತುತ್ತನ್ನೇ ಡಾಲ್ಫಿನ್ ಅಂಟಿಸಿ ಹತ್ತು ಪಟ್ಟು ಬೆಲೆಗೆ ನಮಗೇ ಮಾರಿದ್ದಾರೆ. ಅಂಗಡಿಗೆ ಫೋನ್ ಮಾಡಿ ಕೇಳಿದೆ. "ಸ್ವಲ್ಪ ಕಾಪರ್ ಇರ್ತದೆ ಸರ್, ಅದು ಒಳ್ಳೆಯದು." ಆಮೇಲೆ ಫೋನ್ ಎತ್ತಲಿಲ್ಲ.

ಪರಿಹಾರ ಒಂದೇ, ನೀರು ಬದಲಿಸುವುದು. ಸಯನ್ಯೂರಿಕ್ ಇಳಿಸಲು ಪುಡಿ ಇದೆ ಎಂದು ಯಾರಾದರೂ ಮಾರಲು ಬಂದರೆ ಚಹಾ ಕೊಟ್ಟು ಕಳಿಸಿ. ಆದರೆ ಮಳೆಗಾಲದಲ್ಲಿ ಟ್ಯಾಂಕ್ ಪೂರ್ತಿ ಖಾಲಿ ಮಾಡುವ ಹಾಗಿಲ್ಲ. ಸುತ್ತಲಿನ ನೆಲದಲ್ಲಿ ನೀರು ಏರಿರುತ್ತದೆ, ಖಾಲಿ ಟ್ಯಾಂಕನ್ನು ಅಡಿಯಿಂದ ಎತ್ತಿಬಿಡುತ್ತದೆ. ಹಾಗಾಗಿ ಒಂದು ಅಡಿ ಖಾಲಿ ಮಾಡುವುದು, ಮನೆಯ ಮಾಡಿನ ಮಳೆನೀರು ತುಂಬಿಸುವುದು, ಪಂಪ್ ಓಡಿಸಿ ಬೆರೆಸುವುದು, ಮತ್ತೆ ಒಂದು ಅಡಿ. ಪ್ರತಿ ಸಲ ಕಾಲು ಭಾಗ ಇಳಿಯುತ್ತದೆ: 120, 90, 67, 50, 38. ನಮ್ಮ ಹಂಚಿನ ಮಾಡು 100 ಚದರ ಮೀಟರ್. 100 ಮಿಲಿಮೀಟರ್ ಮಳೆ ಬಂದರೆ 10,000 ಲೀಟರ್, ಅಂದರೆ ಸರಿಯಾಗಿ ಒಂದು ಅಡಿ. ಆಟಿ ತಿಂಗಳ ಮಳೆಗೆ ಅದು ದೊಡ್ಡ ವಿಷಯವಲ್ಲ. ತೆಗೆದ ನೀರನ್ನು ತೋಡಿಗೆ ಬಿಡಲಿಲ್ಲ, ತಾಮ್ರ ಮೀನಿಗೆ ಆಗದು. ಗುಡ್ಡೆಯ ಮುಳಿಹುಲ್ಲಿಗೆ ಹೋಯಿತು.

ಮಳೆನೀರಿಗೆ ಅದರದೇ ತಲೆನೋವು. ಪಿಹೆಚ್ ಏರುಪೇರಾಗದಂತೆ ಹಿಡಿದಿಡುವ ಆಲ್ಕಲಿನಿಟಿ ಇಲ್ಲ, ಕ್ಯಾಲ್ಸಿಯಂ ಇಲ್ಲ. ಹಾಗೇ ಬಿಟ್ಟರೆ ಗ್ರೌಟನ್ನೇ ತಿನ್ನುತ್ತದೆ. ಆಲ್ಕಲಿನಿಟಿ 40 ಏರಿಸಲು ಅಡುಗೆ ಸೋಡಾ 2.7 ಕಿಲೋ ಬೇಕಾಯಿತು. ಕ್ಯಾಲ್ಸಿಯಂ 100 ಏರಿಸಲು ಕ್ಯಾಲ್ಸಿಯಂ ಕ್ಲೋರೈಡ್ ಸುಮಾರು 6 ಕಿಲೋ. ಅಷ್ಟು ಸೋಡಾ ಕೇಳಿದಾಗ ಪೇಟೆಯ ಅಂಗಡಿಯವರು "ಮನೆಯಲ್ಲಿ ಮದುವೆಯಾ?" ಎಂದು ಮಲಯಾಳದಲ್ಲಿ ಕೇಳಿದರು.

ಈ ನೀರು ತುಂಬಿಸುವ ಗಲಾಟೆಯಲ್ಲೇ ಮುಂದಿನ ಕೆಲಸ ಹೊಳೆದದ್ದು. ಗುಡ್ಡೆಯಲ್ಲಿ ಅಜ್ಜನ ಕಾಲದಲ್ಲಿ ನೀರಿಗಾಗಿ ಅಡ್ಡಕ್ಕೆ ಕೊರೆದ ಸುರಂಗ ಇದೆ, ನೀರು ತನ್ನಷ್ಟಕ್ಕೇ ಹರಿದು ಬರುತ್ತದೆ. ಬೋರಿನಷ್ಟು ಕಬ್ಬಿಣ ಇಲ್ಲ. ಪಿಹೆಚ್ ಮಾತ್ರ ಕಡಿಮೆ. ಕರಗಿರುವ ಇಂಗಾಲದ ಡೈಆಕ್ಸೈಡ್ ಹೊರಹೋದರೆ ಅದು ಏರುತ್ತದೆ. ಕಗ್ಗಲ್ಲಿನ ಮೆಟ್ಟಿಲು ಕಟ್ಟಿ ನೀರನ್ನು ಮೇಲಿಂದ ಬೀಳಿಸಿದರೆ ಸಾಕಲ್ಲ? ಪಂಪೂ ಬೇಡ, ಕರೆಂಟೂ ಬೇಡ. ನೋಡಲೂ ಚಂದ. ಚಿತ್ರ ಬರೆದಾಗಿದೆ, ಮನೆಯಲ್ಲಿ ಇನ್ನೂ ಹೇಳಿಲ್ಲ.

ಇವತ್ತಿನ ಸ್ಥಿತಿ: ಸಯನ್ಯೂರಿಕ್ 40ರ ಹತ್ತಿರ, ಪಿಹೆಚ್ 7.4, ತಾಮ್ರ ಕಿಟ್ಟಿಗೆ ಕಾಣುವಷ್ಟು ಇಲ್ಲ. ಟಿಸಿಸಿಎ ನಿಲ್ಲಿಸಿ, ಸಯನ್ಯೂರಿಕ್ ಬಿಡದ ಸೋಡಿಯಂ ಹೈಪೋಕ್ಲೋರೈಟ್ ದ್ರವಕ್ಕೆ ಬಂದಿದ್ದೇನೆ. ಟೈಲ್ಸ್ ಮೇಲಿನ ನೇರಳೆ ಬ್ರಷ್ಷಿಗೆ ಬಿಟ್ಟುಕೊಟ್ಟಿತು. ಏಣಿಯ ಹಿಂದಿನ ಗ್ರೌಟ್ ಮಾತ್ರ ಹಟ ಹಿಡಿದಿದೆ. ಮಳೆ ನಿಂತ ಮೇಲೂ ಹೋಗದಿದ್ದರೆ ಅಷ್ಟು ಜಾಗ ಕೆರೆದು ಹೊಸದಾಗಿ ತುಂಬುತ್ತೇನೆ, ಈ ಸಲ ಬೂದು ಬಣ್ಣದ್ದು.