ಜರ್ಮನಿಯ ಹಳೇ ಉಗಿ ಎಂಜಿನ್ ನೋಡಲು ಹೋಗುವವರು ಮೊದಲು ಕ್ಯಾಲೆಂಡರ್ ನೋಡಿ

ಜನವರಿ ಕೊನೆ, ಫೆಬ್ರುವರಿ ಶುರುವಿನಲ್ಲಿ ನ್ಯೂರೆಂಬರ್ಗಿಗೆ ಹೋಗಲೇಬೇಡಿ. ಆಗ ಅಲ್ಲಿ ಆಟಿಕೆ ಮೇಳ. ಜಗತ್ತಿನ ಆಟಿಕೆ ವ್ಯಾಪಾರಿಗಳೆಲ್ಲ ಅಲ್ಲೇ ಇರುತ್ತಾರೆ, ರೂಮಿನ ಬಾಡಿಗೆ ಒಂದಕ್ಕೆ ಮೂರಾಗಿರುತ್ತದೆ. ನನಗೆ ಸಿಕ್ಕ ರೂಮಿಗೆ 190 ಯೂರೋ. ಕಿಟಕಿ ತೆಗೆದರೆ ಎದುರುಮನೆ ಗೋಡೆ, ಹೀಟರ್ ತಣ್ಣಗೆ, ತಿಂಡಿಗೆ ಬೇರೆ ದುಡ್ಡು. ಕೇಳಿದ್ದಕ್ಕೆ ‘ಇದು ಮೇಳದ ರೇಟು’ ಅಂದರು, ಅಷ್ಟೇ.

ಎಲ್ಲರೂ ಹೋಗುವುದು ಆಡ್ಲರ್ ನೋಡಲು. 1835ರ ಡಿಸೆಂಬರ್ 7ರಂದು ನ್ಯೂರೆಂಬರ್ಗಿನಿಂದ ಫ್ಯೂರ್ತ್‌ಗೆ ಸುಮಾರು 6 ಕಿ.ಮೀ. ಓಡಿದ ಎಂಜಿನ್ ಅದು. ಆದರೆ ನ್ಯೂರೆಂಬರ್ಗಿನ ಡಿಬಿ (ಜರ್ಮನ್ ರೈಲ್ವೆ) ಮ್ಯೂಸಿಯಂನಲ್ಲಿ ನೀವು ನೋಡುವುದು ಅಸಲಿ ಅಲ್ಲ. ಅಸಲಿಯನ್ನು 1857ರಲ್ಲೇ ಮಾರಿಬಿಟ್ಟರು. ನೂರು ವರ್ಷದ ಹಬ್ಬಕ್ಕೆ 1935ರಲ್ಲಿ ಒಂದು ನಕಲು ಕಟ್ಟಿದರು. 2005ರಲ್ಲಿ ಶೆಡ್ಡಿಗೆ ಬೆಂಕಿ ಬಿದ್ದಾಗ ಅದೂ ಸುಟ್ಟಿತು, ಮತ್ತೆ ರಿಪೇರಿ ಮಾಡಿದರು. ಇನ್ನೊಂದು ವಿಷಯ: ಮೊದಲ ‘ಜರ್ಮನ್’ ರೈಲು ಅಂತೀವಲ್ಲ, ಆ ಎಂಜಿನ್ ಬಂದದ್ದು ಇಂಗ್ಲೆಂಡಿನ ಸ್ಟೀವನ್‌ಸನ್ ಕಾರ್ಖಾನೆಯಿಂದ, ಬಿಡಿಬಿಡಿಯಾಗಿ ಪೆಟ್ಟಿಗೆಗಳಲ್ಲಿ. ಜೊತೆಗೆ ಬಂದ ಡ್ರೈವರ್ ವಿಲಿಯಂ ವಿಲ್ಸನ್‌ಗೆ ಈ ಮಾರ್ಗ ನಡೆಸುತ್ತಿದ್ದ ಲುಡ್ವಿಗ್ ರೈಲು ಕಂಪನಿಯ ಡೈರೆಕ್ಟರಿಗಿಂತ ಜಾಸ್ತಿ ಸಂಬಳ. ಅವನು ವಾಪಸ್ ಹೋಗಲೇ ಇಲ್ಲ, ನ್ಯೂರೆಂಬರ್ಗಿನಲ್ಲೇ ತೀರಿಕೊಂಡ. ಕಲ್ಲಿದ್ದಲು ಸ್ಯಾಕ್ಸನಿಯಿಂದ ಬರಬೇಕಿತ್ತು, ದುಬಾರಿ. ಹಾಗಾಗಿ ಶುರುವಿನ ವರ್ಷಗಳಲ್ಲಿ ಬಹಳಷ್ಟು ಟ್ರಿಪ್‌ಗಳಲ್ಲಿ ಡಬ್ಬಿ ಎಳೆದದ್ದು ಕುದುರೆ!

ಆಡ್ಲರ್ ಮುಂದೆ ಸೆಲ್ಫಿ ಗುಂಪು ಬಿಡುವುದೇ ಇಲ್ಲ. ಬಿಡಿ, ಪಕ್ಕಕ್ಕೆ ಹೋಗಿ. ಲುಡ್ವಿಗ್ ರೈಲಿನ 8ನೇ ನಂಬರಿನ ಹಳದಿ ಡಬ್ಬಿ ನೋಡಿ, ಅದು 1835ರದ್ದೇ, ಅಸಲಿ. ಆಮೇಲೆ ನೋರ್ಡ್‌ಗೌ. 1853ರಲ್ಲಿ ಮಾಫೈ ಕಾರ್ಖಾನೆ ಮಾಡಿದ ಎಂಜಿನ್. ಅದರ ಒಂದು ಮಗ್ಗುಲು ಕೊಯ್ದು ಇಟ್ಟಿದ್ದಾರೆ. ಫೈರ್‌ಬಾಕ್ಸ್‌ನ ಬಿಸಿ ಕೊಳವೆಗಳೊಳಗೆ ಹಾಯುವುದು, ಸುತ್ತಲಿನ ನೀರು ಕುದಿಯುವುದು, ಉಗಿ ಪಿಸ್ಟನ್ ತಳ್ಳುವುದು, ಎಲ್ಲ ಒಂದೇ ನೋಟಕ್ಕೆ ಅರ್ಥವಾಗುತ್ತದೆ. ನಾನು ಅಲ್ಲೇ ಜಾಸ್ತಿ ಹೊತ್ತು ನಿಂತೆ. ಒಬ್ಬರೂ ಅಡ್ಡ ಬರಲಿಲ್ಲ. ಸೋಮವಾರ ಮ್ಯೂಸಿಯಂ ರಜೆ, ನೆನಪಿರಲಿ.

ನಂತರ ಪ್ಲ್ಯಾರರ್‌ನಲ್ಲಿ ಯು1 ಮೆಟ್ರೋ ಹತ್ತಿ ಫ್ಯೂರ್ತ್‌ಗೆ ಹೋಗಿ. ಇದು ಹೆಚ್ಚುಕಡಿಮೆ ಹಳೇ ಲುಡ್ವಿಗ್ ರೈಲಿನ ದಾರಿಯೇ. ಫ್ಯೂರ್ತ್‌ನಲ್ಲಿ ಇಳಿದು, ಸ್ಟೇಷನ್ ಹತ್ತಿರದ ಗಲ್ಲಿಯಲ್ಲಿ ಯಾವುದಾದರೂ ತುರ್ಕಿ ಸೂಪ್ ಅಂಗಡಿ ಹುಡುಕಿ. ನಾನು ಹೊಕ್ಕದ್ದರಲ್ಲಿ ನಾಲ್ಕೇ ಮೇಜು. ಕೆಂಪು ಬೇಳೆಯ ಸೂಪು, ನಮ್ಮ ಬೇಳೆ ಸಾರಿನ ದೂರದ ನೆಂಟ. ನಿಂಬೆ ಹಿಂಡಿ, ಮೇಲೆ ಮೆಣಸಿನಪುಡಿ ಹಾಕಿದ ಬೆಣ್ಣೆ ಬಿಟ್ಟು ಕೊಟ್ಟರು. ಬುಟ್ಟಿ ತುಂಬ ಬಿಸಿ ಬ್ರೆಡ್ಡು, ಖಾಲಿಯಾದರೆ ಕೇಳದೆಯೇ ಮತ್ತೆ ತಂದಿಟ್ಟರು. ಕೊನೆಗೆ ಚಹಾ, ಅದಕ್ಕೆ ದುಡ್ಡು ತಗೊಳ್ಳಲಿಲ್ಲ. ಒಟ್ಟು 5 ಯೂರೋ! ಮರುದಿನ ಮಧ್ಯಾಹ್ನವೂ ಅಲ್ಲಿಗೇ ಹೋದೆ, ಸುಮ್ನೆ ಅಲ್ಲ. ಸಸ್ಯಾಹಾರಿಗಳಿಗೆ ನ್ಯೂರೆಂಬರ್ಗಿನ ಸಾಸೇಜ್ ಅಂಗಡಿಗಳಲ್ಲಿ ಕೆಲಸವಿಲ್ಲ ಅಲ್ವಾ?

ಡ್ರೆಸ್ಡೆನ್‌ಗೆ ಹೋಗುವುದು ಹಾಫ್ ಎಂಬ ಊರಿನ ಮೇಲೆ, ರೀಜನಲ್ ರೈಲಿನಲ್ಲಿ. ಡಾಯ್ಚ್‌ಲ್ಯಾಂಡ್ ಟಿಕೆಟ್ (ರೀಜನಲ್ ರೈಲು, ಬಸ್ಸು, ಮೆಟ್ರೋಗಳ ತಿಂಗಳ ಪಾಸು) ನಡೆಯುತ್ತದೆ. ಆ ದಾರಿಯಲ್ಲಿ ಬರುವ ಗೋಲ್ಟ್ಶ್ ಕಣಿವೆಯ ಸೇತುವೆಗಾಗಿಯೇ ನಾನು ಈ ದಾರಿ ಹಿಡಿದದ್ದು. 1851ರದ್ದು, 78 ಮೀಟರ್ ಎತ್ತರ, 2.6 ಕೋಟಿಗೂ ಜಾಸ್ತಿ ಇಟ್ಟಿಗೆ. ಅವತ್ತು ಹಳಿ ಕೆಲಸ ಅಂತ ರೈಲಿನ ಬದಲು ಬಸ್ಸು ಹತ್ತಿಸಿದರು. ಸೂಟ್‌ಕೇಸ್ ತೊಡೆ ಮೇಲೆ, ಕಿಟಕಿ ಮಂಜು, ಸಿಕ್ಕಸಿಕ್ಕ ಊರಲ್ಲೆಲ್ಲ ನಿಲ್ಲುತ್ತ ಸಾಗಿತು. ಸೇತುವೆ ಮೇಲೆ ಹೋಗುವ ಮಾತೇ ಇಲ್ಲ. ಹೊರಡುವ ಮುಂಚೆ ಆ್ಯಪ್‌ನಲ್ಲಿ ‘ಎಸ್‌ಇವಿ’ (ಅಂದರೆ ರೈಲಿನ ಬದಲು ಬಸ್ಸು) ಅಂತ ಕಂಡರೆ ಬೇರೆ ದಿನ ಹೋಗಿ. ರೈಲು ಓಡುತ್ತಿದ್ದರೂ ಮೇಲೆ ಕೂತವರಿಗೆ ಕಮಾನು ಕಾಣುವುದಿಲ್ಲ. ನೆಟ್ಜ್‌ಶ್‌ಕೌನಲ್ಲಿ ಇಳಿದು ಕೆಳಗಿನಿಂದ ನೋಡಬೇಕು.

ಆ ಸೇತುವೆಯ ಲೆಕ್ಕ ಹಾಕಿದ ಯೋಹಾನ್ ಆಂಡ್ರಿಯಾಸ್ ಶೂಬರ್ಟ್ ಎಂಬ ಪ್ರೊಫೆಸರೇ ಡ್ರೆಸ್ಡೆನ್ ಪಕ್ಕದ ಊಬಿಗೌನಲ್ಲಿ 1838ರಲ್ಲಿ ಸ್ಯಾಕ್ಸೋನಿಯಾ ಎಂಜಿನ್ ಕಟ್ಟಿದವನು. ಜರ್ಮನಿಯಲ್ಲೇ ತಯಾರಾಗಿ ಚೆನ್ನಾಗಿ ಓಡಿದ ಮೊದಲ ಎಂಜಿನ್. 1839ರಲ್ಲಿ ಲೈಪ್‌ಜಿಗ್–ಡ್ರೆಸ್ಡೆನ್ ಮಾರ್ಗ ಶುರುವಾದಾಗ ಅತಿಥಿಗಳ ರೈಲು ಎಳೆಯುವ ಮರ್ಯಾದೆ ಇಂಗ್ಲಿಷ್ ಎಂಜಿನ್‌ಗಳಿಗೆ. ಶೂಬರ್ಟ್ ತನ್ನ ಎಂಜಿನ್ ತಾನೇ ಓಡಿಸಿಕೊಂಡು ಹಿಂದೆ ಹೋದ. ಡ್ರೆಸ್ಡೆನ್ ಸಾರಿಗೆ ಮ್ಯೂಸಿಯಂನಲ್ಲಿರುವುದು ಅದರ ನಕಲು, ಆದರೆ 1861ರ ಮುಲ್ಡೆಂತಾಲ್ ಅಸಲಿ. ಇಲ್ಲೂ ಸೋಮವಾರ ರಜೆ. ಶನಿವಾರ ಭಾನುವಾರ ಮಕ್ಕಳ ಗಲಾಟೆ ವಿಪರೀತ, ವಾರದ ಮಧ್ಯೆ ಬಾಗಿಲು ತೆಗೆಯುವ ಹೊತ್ತಿಗೇ ಹೋಗಿಬಿಡಿ.